ಹಲ್ಲು ಹೋಯಿತು, ತುಟಿ ಮಲಗಿತು

ಒಂದು ಬೆಳಿಗ್ಗೆ ಎದ್ದಾಗ ನನ್ನ ಬಾಯಿ ತೆರೆಯಲಿಲ್ಲ. ಒಂದು ಬೆರಳು ಹೋಗುವಷ್ಟು ಸಂದು ಇತ್ತು, ಅಷ್ಟೇ. ಚಹಾದಲ್ಲಿ ಅದ್ದಿದ ಪಾವ್ ಬ್ರೆಡ್ಡಿನ ಚೂರನ್ನು ಹಲ್ಲಿನ ನಡುವೆ ತುರುಕಿ ನುಂಗಿದೆ. ಎಡಗಡೆ, ಕಿವಿಯ ಕೆಳಗೆ, ದವಡೆ ಬಾತು ಕಲ್ಲಿನಂತಾಗಿತ್ತು. ಹೆಂಡತಿ ಮುಮ್ತಾಜ ಮೊಬೈಲಿನ ಬೆಳಕು ಹಿಡಿದು ಒಳಗೆ ನೋಡಲು ಹೋದಳು. ಏನೂ ಕಾಣಲಿಲ್ಲ. ಬೆಳಕು ಆರಿಸಿದಳು.

ನಾವಿರುವುದು ಧಾರಾವಿಯಲ್ಲಿ. ಇಲ್ಲಿ ಯಾರಿಗಾದರೂ ಬಾಯಿ ತೆರೆಯುವುದಿಲ್ಲ ಎಂದರೆ ಜನ ಒಂದೇ ರೋಗವನ್ನು ನೆನೆಯುತ್ತಾರೆ. ಅದರ ಹೆಸರು ಮಾತ್ರ ಹೇಳುವುದಿಲ್ಲ. ಆ ರೋಗದಲ್ಲಿ ಹೋದವರ ಮುಖ ಕೊನೆಗೆ ಹೇಗಾಗಿತ್ತು ಎಂದು ನಮ್ಮ ಗಲ್ಲಿಯವರೆಲ್ಲ ನೋಡಿದ್ದೇವೆ. ನಾನು ತಂಬಾಕು, ಅಡಿಕೆ ಬೆರೆಸಿದ ಮಾವಾ ಯಾವುದನ್ನೂ ಬಾಯಿಗೆ ಹಾಕಿದವನಲ್ಲ. ಆದರೂ ಮುಮ್ತಾಜ ಕೇಳಿದಳು.

“ಖರೇ ಹೇಳ್ರಿ. ಕಾರ್ಖಾನ್ಯಾಗ ಯಾರರ ಕೊಟ್ರಂತ ಯಾವಾಗರ ತಿಂದೀರೇನು?”

“ಇಲ್ಲ.”

“ನನ್ನ ಮ್ಯಾಲ ಆಣಿ ಮಾಡ್ರಿ.”

ಮಾಡಿದೆ. ಹಲ್ಲು ಕಚ್ಚಿಕೊಂಡೇ ಮಾಡಿದ ಆಣೆ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಎರಡು ಸಲ ಮಾಡಿಸಿದಳು.

ಅದು ಆ ರೋಗವಾಗಿರಲಿಲ್ಲ. ಬುದ್ಧಿ ಹಲ್ಲು ಅಡ್ಡ ಮಲಗಿ ಒಳಗೇ ಕೀವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಹಲ್ಲು ತೆಗೆಸಲು ಹೆದರಿ ಕುಳಿತವರು ಇದನ್ನು ಓದುತ್ತಿರಬಹುದು. ನಾನು ರಾತ್ರಿ ಶಾಲೆಯಲ್ಲಿ ತಡವಾಗಿ ಕಲಿತವನು. ಒಂದು ಬೆರಳಿನಿಂದ ಮೊಬೈಲಿನಲ್ಲಿ ಒತ್ತಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ನನಗೆ ಆದದ್ದು ಎಲ್ಲರಿಗೂ ಆಗುವುದಿಲ್ಲ. ನನ್ನ ಜೊತೆ ಬೆಂಚಿನ ಮೇಲೆ ಕುಳಿತಿದ್ದ ಎಷ್ಟೋ ಜನ ಹಲ್ಲು ತೆಗೆಸಿಕೊಂಡು ಸಂಜೆಯೇ ನಗುತ್ತಾ ಫೋನಿನಲ್ಲಿ ಮಾತಾಡಿರಬಹುದು. ಆದರೆ ಆಗುವವರಿಗೆ ಹೇಗೆ ಆಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ಅಷ್ಟು ಒಂಟಿಯಾಗುತ್ತಿರಲಿಲ್ಲ.

ನನ್ನ ಕೆಲಸದ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಹುಟ್ಟೂರು ಇಂಡಿ. ಇಲ್ಲಿ ಧಾರಾವಿಯ ಚರ್ಮದ ಬ್ಯಾಗಿನ ಕಾರ್ಖಾನೆಯಲ್ಲಿ ಕೈ ಹೊಲಿಗೆ ಮಾಡುತ್ತೇನೆ. ಮಶೀನು ಹೋಗದ ಕಡೆ, ಹಿಡಿಕೆಯ ಬುಡ, ಮೂಲೆ, ಬಕಲಿನ ಪಟ್ಟಿ, ಇವೆಲ್ಲ ನಮ್ಮ ಪಾಲಿಗೆ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಇರುತ್ತವೆ. ಒಂದು ಕೈಯಲ್ಲಿ ಓಡುವಾಗ ಇನ್ನೊಂದನ್ನು ತುಟಿಗಳ ನಡುವೆ ಹಿಡಿಯುತ್ತೇವೆ. ದಾರದ ತುದಿ ಬಿಚ್ಚಿಕೊಂಡರೆ ಬಾಯಿಯಲ್ಲಿಟ್ಟು ಒದ್ದೆ ಮಾಡಿ, ಎಳೆದು, ಮೊನೆ ಮಾಡಿಕೊಳ್ಳುತ್ತೇವೆ. ಹೊಲಿಗೆಯವನಿಗೆ ತುಟಿ ಎಂದರೆ ಮೂರನೆಯ ಕೈ. ಸೂಜಿಯ ಮೊನೆ ಯಾವ ಕಡೆ ಇದೆ ಎಂದು ಕಣ್ಣಿಗಿಂತ ಮೊದಲು ತುಟಿಗೆ ಗೊತ್ತಾಗುತ್ತದೆ.

ಪಕ್ಕದ ಆಸನದ ಈರಣ್ಣ ಜಮಖಂಡಿಯವನು. ಮೆಹಬೂಬ ಎನ್ನುವ ನನ್ನ ಹೆಸರು ಅವನ ಬಾಯಲ್ಲಿ ಮೈಬೂ. ಬುದ್ಧಿ ಹಲ್ಲಿನ ಬಾವು ಎಂದು ತಿಳಿದ ದಿನವೇ ಕಾರ್ಖಾನೆಗೆಲ್ಲ ಕೇಳುವಂತೆ ಹೇಳಿದ. “ನಮ್ಮ ಮೈಬೂಗ ಎಲ್ಲಾನೂ ತಡಾನ ನೋಡ್ರಪಾ. ಸಾಲಿನೂ ತಡಾ, ಬುದ್ಧಿ ಹಲ್ಲೂ ತಡಾ. ಇನ್ನ ಬುದ್ಧಿ ಯಾವಾಗ ಬರತೈತೊ!”

ನಾನೂ ನಕ್ಕೆ. ನಕ್ಕಿದ್ದಕ್ಕೆ ದವಡೆಯಿಂದ ತಲೆಯವರೆಗೆ ಮಿಂಚು ಹೊಡೆದಂತಾಯಿತು.

ಗಲ್ಲಿಯ ಡಾಕ್ಟರು ಗುಳಿಗೆ ಕೊಟ್ಟು ಬಾವು ಇಳಿಸಿದರು. “ಇದು ನನ್ನ ಕೈಯದಲ್ಲ, ದೊಡ್ಡ ಆಸ್ಪತ್ರೆಗೆ ಹೋಗು” ಎಂದರು. ಹಲ್ಲಿಗೆಂದೇ ಬೇರೆಯಾಗಿ ಇರುವ ದೊಡ್ಡ ಆಸ್ಪತ್ರೆಗೆ ಸಾಯನ್ ಸ್ಟೇಷನ್ನಿನಿಂದ ಲೋಕಲ್ ರೈಲು ಹಿಡಿದು ಹೋದೆವು. ಉದ್ದ ಮೊಗಸಾಲೆಯಲ್ಲಿ ಕಬ್ಬಿಣದ ಬೆಂಚುಗಳು. ಪರದೆಯ ಹಿಂದಿನಿಂದ ಗುಂಯ್ ಎನ್ನುವ ಸದ್ದು. ಆ ಸದ್ದು ನಿಂತಾಗ ಬೆಂಚಿನ ಮೇಲಿನವರೆಲ್ಲ ಒಮ್ಮೆಲೆ ಮಾತು ನಿಲ್ಲಿಸುತ್ತಿದ್ದರು, ಮತ್ತೆ ಶುರುವಾದಾಗ ಉಸಿರು ಬಿಡುತ್ತಿದ್ದರು. ಎದುರಿನ ಬೆಂಚಿನಲ್ಲಿ ಒಬ್ಬ ಮುದುಕ ಕುಳಿತಿದ್ದ. ಅವನ ಮುಖದ ಕೆಳಗಿನ ಅರ್ಧ ಒಳಗೆ ಕುಸಿದಿತ್ತು. ಬಟ್ಟೆಯಿಂದ ಮುಚ್ಚಿಕೊಂಡಿದ್ದ, ಆದರೆ ಫ್ಯಾನಿನ ಗಾಳಿಗೆ ಬಟ್ಟೆ ಹಾರುತ್ತಿತ್ತು. ಮುಮ್ತಾಜ ನನ್ನ ಗಲ್ಲ ಹಿಡಿದು ಬೇರೆ ಕಡೆ ತಿರುಗಿಸಿದಳು.

ಡಾಕ್ಟರ್ ಮೇಡಂ ವಯಸ್ಸಿನಲ್ಲಿ ಚಿಕ್ಕವರು. ನಮ್ಮಿಬ್ಬರ ಮಾತು ಕೇಳಿ, “ಕನ್ನಡನಾ? ನಂಗೂ ಥೋಡಾ ಥೋಡಾ ಬರುತ್ತೆ” ಎಂದರು. ಮುಂಬಯಿಯ ವಡಾಲದವರಂತೆ, ಮನೆಯಲ್ಲಿ ಅಜ್ಜಿಯ ಜೊತೆ ಮಾತ್ರ ಕನ್ನಡ. ಪೂರ್ತಿ ದವಡೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲುಗಳೆಲ್ಲ ಸಾಲಾಗಿ ನಿಂತಿದ್ದವು. ಕೊನೆಯದೊಂದು ನೆಲದ ಮೇಲೆ ಉರುಳಿದಂತೆ ಅಡ್ಡ ಬಿದ್ದಿತ್ತು. ಅದರ ಬೇರಿನ ಕೆಳಗೆ ತೆಳ್ಳಗಿನ ಎರಡು ಗೆರೆ ಹಾದುಹೋಗಿದ್ದವು.

“ಇದು ನಸ್‌ನ, ನರದ ದಾರಿ. ಹಲ್ಲಿನ ಬೇರು ಇದಕ್ಕೆ ತಾಗಿದೆ. ತೆಗೆಯುವಾಗ ನಸ್‌ಗೆ ಧಕ್ಕಾ ಆದ್ರೆ ಕೆಳಗಿನ ತುಟಿ... ಸುನ್ನ್... ಕನ್ನಡದಲ್ಲಿ ಹೇಗೆ ಹೇಳೋದು? ತುಟಿ ಮಲಗುತ್ತೆ.”

“ಎಷ್ಟ ದಿನ ಮಲಗತದ್ರಿ ಮೇಡಂ?”

“ಜಾಸ್ತಿ ಜನಕ್ಕೆ ಮಲಗೋದೇ ಇಲ್ಲ. ಕೆಲವರಿಗೆ ಮಲಗಿ, ಆಮೇಲೆ ಏಳುತ್ತೆ. ಒಬ್ಬಿಬ್ಬರಿಗೆ...”

ಮುಂದಿನ ಮಾತಿಗೆ ಅವರು ತಡವರಿಸಿದರು. ಕನ್ನಡ ಸಿಗಲಿಲ್ಲವೋ, ಹೇಳಲು ಮನಸ್ಸಾಗಲಿಲ್ಲವೋ ತಿಳಿಯದು.

“ತೆಗಸಲಿಲ್ಲಂದ್ರ?” ಮುಮ್ತಾಜ ಕೇಳಿದಳು.

“ಕೀವು ಮತ್ತೆ ಬರುತ್ತೆ. ಗಂಟಲಿಗೆ ಇಳಿದ್ರೆ ಉಸಿರಿಗೇ ತೊಂದರೆ. ಈಗ ಬೇಡ ಅನ್ನೋ ಹಾಗಿಲ್ಲ.”

ಲೋಕಲಿನಲ್ಲಿ ವಾಪಸು ಹೊರಟೆವು. ಮಾಟುಂಗಾ ದಾಟಿದ ಮೇಲೆ ಮುಮ್ತಾಜ, “ತುಟಿ ಹೋದ್ರ ಹೋಗ್ಲಿ, ಜೀವ ಇದ್ರ ಸಾಕು” ಎಂದಳು. ನಾನು ಹೂಂ ಎಂದೆ. ಆದರೆ ತುಟಿ ಇಲ್ಲದ ಹೊಲಿಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂಬ ಮಾತು ಇಬ್ಬರ ತಲೆಯಲ್ಲೂ ಇತ್ತು ಎಂದು ನನಗೆ ಗೊತ್ತು.

ಚಳಿಗಾಲದಲ್ಲಿ ಹಲ್ಲು ತೆಗೆದರು. ಹೇಗಿರುತ್ತದೆ ಎಂದು ಕೇಳುವವರಿಗೆ ಹೇಳುತ್ತೇನೆ. ಸೂಜಿ ಚುಚ್ಚುವುದೇ ದೊಡ್ಡ ನೋವು. ಅದು ಬೇಗ ಮುಗಿಯುತ್ತದೆ. ಆಮೇಲೆ ತುಟಿ ದಪ್ಪವಾಗಿ ಬೇರೆ ಯಾರದೋ ತುಟಿಯಂತೆ ಆಗುತ್ತದೆ. ಅವರು ಕೊರೆಯುವಾಗ ನೋವಿಲ್ಲ, ಆದರೆ ಸದ್ದು ಹೊರಗಿನಿಂದ ಬರುವುದಿಲ್ಲ. ತಲೆಬುರುಡೆಯ ಒಳಗಿನಿಂದ ಬರುತ್ತದೆ. ಹಲ್ಲನ್ನು ತುಂಡು ಮಾಡಿಯೇ ತೆಗೆಯುತ್ತಾರೆ. ದವಡೆಯನ್ನು ಕೆಳಗೆ ಒತ್ತುತ್ತಾರೆ, ಕುರ್ಚಿಯ ಜೊತೆ ನಾವೂ ಜಾರುತ್ತೇವೇನೋ ಅನ್ನಿಸುತ್ತದೆ. ಕಣ್ಣು ಮುಚ್ಚಿಕೊಳ್ಳಿ, ಕೈಗಳನ್ನು ಒಂದರಲ್ಲೊಂದು ಹಿಡಿದುಕೊಳ್ಳಿ. ಪಕ್ಕದಲ್ಲಿ ನಿಂತ ನರ್ಸಮ್ಮ ನನ್ನ ಭುಜದ ಮೇಲೆ ಕೈಯಿಟ್ಟು ಕೊನೆಯವರೆಗೆ ತೆಗೆಯಲಿಲ್ಲ. ಆ ಕೈಯ ತೂಕ ನನಗೆ ಈಗಲೂ ನೆನಪಿದೆ.

ಕೊನೆಯ ತುಂಡು ಬರುವಾಗ ಇದ್ದಿಲು ಮುರಿದಂಥ ಸದ್ದಾಯಿತು. ಮೇಡಂ ಕೈ ನಿಂತಿತು. ಇನ್ನೊಬ್ಬ ಡಾಕ್ಟರನ್ನು ಕರೆದರು. ಇಬ್ಬರೂ ನನ್ನ ಬಾಯಿಯೊಳಗೆ ಬಗ್ಗಿ ನೋಡಿದರು. ಮರಾಠಿಯಲ್ಲಿ ಮೆಲ್ಲಗೆ, “ನಸ್ ದಿಸತೇ” ಎಂದರು. ನಸ್ ಕಾಣುತ್ತಿದೆ ಎಂದರ್ಥ. ಇಷ್ಟು ವರ್ಷ ಮುಂಬಯಿಯಲ್ಲಿದ್ದು ಮರಾಠಿ ಕಲಿಯದಿದ್ದರೆ ಚೆನ್ನಾಗಿತ್ತು ಎಂದು ಅವತ್ತು ಅನ್ನಿಸಿತು.

ಹೊಲಿಗೆ ಹಾಕಿ, ಹತ್ತಿಬಟ್ಟೆ ಕಚ್ಚಿಸಿ ಕಳಿಸಿದರು. ಉಗುಳಬೇಡಿ, ಸ್ಟ್ರಾ ಹಾಕಿ ಕುಡಿಯಬೇಡಿ, ಬೀಡಿ ಬೇಡ, ಬಿಸಿ ಬೇಡ, ಜೋರಾಗಿ ಬಾಯಿ ಮುಕ್ಕಳಿಸಬೇಡಿ. ಗಾಯದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು, ಅದು ಕಿತ್ತು ಬರಬಾರದು. ಮುಮ್ತಾಜ ಎಲ್ಲವನ್ನೂ ಬಾಯಿಪಾಠ ಮಾಡಿದಳು. ನಮಾಜಿಗೆ ಮುಂಚೆ ಕೈಬಾಯಿ ತೊಳೆಯುವ ವಜೂ ಮಾಡುವಾಗ ಬಾಯಿಗೆ ನೀರು ಹಾಕಿ, ಉಗುಳದೆ, ತಾನಾಗಿ ಹರಿದುಹೋಗಲು ಬಿಡಬೇಕು ಎಂದು ಅವಳೇ ಮೇಡಂ ಹತ್ತಿರ ಕೇಳಿ ಗೊತ್ತು ಮಾಡಿಕೊಂಡಿದ್ದಳು.

ಸಂಜೆಗೆ ಕಿವಿಯ ಬಳಿ ಜುಮುಜುಮು ಎಂದಿತು. ಆಮೇಲೆ ನಾಲಿಗೆ ಎಚ್ಚರವಾಯಿತು. ಕೆನ್ನೆಯೂ ಎದ್ದಿತು. ಮಗಳು ಆಯೇಷಾ ಐಸ್‌ಕ್ರೀಮಿನ ಬಟ್ಟಲು ಹಿಡಿದು ಎದುರಿಗೆ ಕುಳಿತಿದ್ದಳು. ಅವಳು ಕನ್ನಡವನ್ನು ತಿಳಿದುಕೊಳ್ಳುತ್ತಾಳೆ, ಮಾತಾಡುವಾಗ ಅರ್ಧ ಹಿಂದಿ.

“ಅಬ್ಬಾ, ತುಟಿ ಎದ್ದಿತಾ?”

“ಏಳತದ.”

“ಅಭೀ?”

“ನಾಳೆ.”

ಮಾರನೆಯ ದಿನವೂ ತುಟಿ ಏಳಲಿಲ್ಲ. ಕೆಳತುಟಿಯ ನಡುವಿನಿಂದ ಎಡಗಡೆ ಗದ್ದದ ಕೆಳಗಿನವರೆಗೆ ಯಾರೋ ಮೇಣ ಮೆತ್ತಿದಂತೆ. ಬೆರಳಿನಿಂದ ಮುಟ್ಟಿದರೆ ಬೆರಳಿಗೆ ತುಟಿ ತಿಳಿಯುತ್ತಿತ್ತು, ತುಟಿಗೆ ಬೆರಳು ತಿಳಿಯುತ್ತಿರಲಿಲ್ಲ. ನಾನು ಮನೆಯಲ್ಲಿ ಹೇಳಲಿಲ್ಲ. ಆದರೆ ಮುಮ್ತಾಜಳಿಗೆ ಗೊತ್ತಾಗಿತ್ತು, ಏಕೆಂದರೆ ಗಂಜಿ ನನ್ನ ಗದ್ದದ ಮೇಲೆ ಇಳಿಯುತ್ತಿದ್ದುದನ್ನು ನಾನು ಒರೆಸಿಕೊಳ್ಳುತ್ತಿರಲಿಲ್ಲ. ಅವಳು ಸೆರಗಿನಿಂದ ಒರೆಸಿದಳು.

ಬಾವು ಸ್ವಲ್ಪ ಇಳಿದ ಕೂಡಲೇ ಕಾರ್ಖಾನೆಗೆ ಹೋದೆ. ಮಾಲು ಕಳಿಸುವ ಗಡಿಬಿಡಿ ಇತ್ತು, ಮನೆಯಲ್ಲಿ ಕುಳಿತರೆ ತುಟಿಯದೇ ಚಿಂತೆ. ಸೂಜಿಯನ್ನು ತುಟಿಗೆ ಇಡಬಾರದು ಎಂದು ನನಗೆ ನಾನೇ ಹೇಳಿಕೊಂಡು ಕುಳಿತೆ, ಇಡಲೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಎಡಗಡೆ ಕಿವಿಯೊಳಗೆ ಕಾದ ಸಲಾಕಿ ಇಟ್ಟಂತಾಯಿತು. ಬಾಯಿಯಲ್ಲಿ ಕೊಳೆತ ವಾಸನೆ. ಹಲ್ಲು ತೆಗೆದ ದಿನ ಬಾರದ ನೋವು ಅದು. ಚರ್ಮದ ರಾಶಿಯ ಮೇಲೆ ತಲೆಯಿಟ್ಟು ಬಿದ್ದುಕೊಂಡೆ. ಈರಣ್ಣನೇ ಟ್ಯಾಕ್ಸಿ ಮಾಡಿ ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ಅವನು ಒಂದು ಚೇಷ್ಟೆಯನ್ನೂ ಮಾಡಲಿಲ್ಲ. ಅದಕ್ಕೇ ನನಗೆ ಇನ್ನೂ ಹೆದರಿಕೆಯಾಯಿತು.

ಮೇಡಂ ಬಾಯಿ ನೋಡಿ, “ಗುಳಿ ಖಾಲಿ. ರಕ್ತದ ಹೆಪ್ಪು ಹೋಗಿದೆ, ಎಲುಬು ಕಾಣ್ತಿದೆ. ಉಗುಳಿದ್ರಾ?” ಎಂದರು.

“ಇಲ್ರಿ.”

“ಸ್ಟ್ರಾ? ಬೀಡಿ?”

“ಇಲ್ರಿ ಮೇಡಂ. ನನ್ನ ಹೆಂಡ್ತಿ ಎಲ್ಲಾ ಕಾದಾಳ.”

ಗುಳಿಯನ್ನು ತೊಳೆದು, ಲವಂಗದ ವಾಸನೆಯ ಔಷಧಿ ಬತ್ತಿ ತುಂಬಿದರು. ಸ್ವಲ್ಪ ಹೊತ್ತಿಗೆ ನೋವು ಹೊರಟುಹೋಯಿತು. ಕುರ್ಚಿಯಲ್ಲೇ ನನಗೆ ಅಳು ಬಂತು. ಈ ನೋವು ನಿಮಗೂ ಬಂದರೆ ಗುಳಿಗೆ ನುಂಗುತ್ತಾ ಮನೆಯಲ್ಲಿ ಕೂರಬೇಡಿ. ಆ ಬತ್ತಿಯಷ್ಟು ದೊಡ್ಡ ದಯೆ ನನ್ನ ಮೇಲೆ ಯಾರೂ ತೋರಿಸಿಲ್ಲ.

ಮೇಡಂಗೆ ಮಾತ್ರ ಸಮಾಧಾನವಾಗಲಿಲ್ಲ. “ಏನೋ ಮಾಡಿದ್ದೀರಿ. ಇವತ್ತು ಕೆಲಸಕ್ಕೆ ಹೋಗಿದ್ರಾ? ಏನು ಕೆಲಸ?” ಎಂದರು. ಹೊಲಿಗೆ ಎಂದೆ. ಟ್ರೇಯಲ್ಲಿದ್ದ ಗಾಯ ಹೊಲಿಯುವ ದಾರದ ಒಂದು ತುಂಡನ್ನು ನನ್ನ ಕೈಗೆ ಕೊಟ್ಟರು. “ತೋರಿಸಿ, ಹೇಗೆ?”

ದಾರ ತೆಗೆದುಕೊಂಡೆ. ತುದಿ ನೋಡಿದೆ. ನನ್ನ ಕೈ ತಾನಾಗಿಯೇ ಬಾಯಿಗೆ ಹೋಯಿತು. ಬಲಗಡೆಯಿಂದ ದಾರವನ್ನು ಒಳಗಿಟ್ಟು, ಕೆನ್ನೆ ಒಳಗೆ ಹೋಗುವಂತೆ ಚೀಪಿ...

“ಬಸ್! ಬಸ್!” ಮೇಡಂ ನನ್ನ ಮಣಿಕಟ್ಟು ಹಿಡಿದರು. “ಇದೇ. ಬೆಳಿಗ್ಗೆಯಿಂದ ಎಷ್ಟು ಸಲ ಮಾಡಿದ್ದೀರಿ ಇದನ್ನ?”

ಬಾಗಿಲಲ್ಲಿ ನಿಂತಿದ್ದ ಈರಣ್ಣ ತಲೆಯ ಮೇಲೆ ಕೈಯಿಟ್ಟುಕೊಂಡ. “ಅಯ್ಯ, ದಿನಾ ಪೂರ್ತಿ ಮಾಡ್ಯಾನ್ರಿ ಮೇಡಂ. ನಾನೂ ಬಾಜೂಕ ಕುಂತು ಅದನ್ನ ಮಾಡಾಕತ್ತಿದ್ದೆ. ಇದೂ ಚೀಪೂದು ಅಂತ ನಮಗ ಹೆಂಗ ಹೊಳೀಬೇಕು?”

ನಮಗೆ ಅದು ಚೀಪುವುದಲ್ಲ, ಸೂಜಿ ಪೋಣಿಸುವುದು. ಸ್ಟ್ರಾ ಎಂದರೆ ತಂಪು ಪಾನೀಯದ ಅಂಗಡಿಯದು. ದಾರವನ್ನು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ನಿಮ್ಮ ಕೆಲಸದಲ್ಲಿ ಬಾಯಿಯಿಂದ ಏನು ಮಾಡುತ್ತೀರಿ ಎಂದು ಹಲ್ಲು ತೆಗೆಸುವ ಮೊದಲೇ ಡಾಕ್ಟರಿಗೆ ಮಾಡಿ ತೋರಿಸಿ. ಬಾಯಿಯಿಂದ ಹೇಳಿದರೆ ಬಿಟ್ಟುಹೋಗುತ್ತದೆ. ಕೈಗೆ ನೆನಪಿರುತ್ತದೆ.

ಅವತ್ತೇ ತುಟಿಯ ಮಾತನ್ನೂ ಎತ್ತಿದೆ. ದಾರದಿಂದ ತುಟಿಗೆ ಏನೂ ಆಗಿಲ್ಲ, ಅದು ಬೇರೆ, ಇದು ಬೇರೆ ಎಂದರು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ನನ್ನ ಮುಖವನ್ನು ಮುಟ್ಟುತ್ತಾ ಹೋದರು. ತಿಳಿದಾಗ ಹೂಂ ಎನ್ನಬೇಕು. ಹೂಂ, ಹೂಂ, ಹೂಂ. ಆಮೇಲೆ ತುಂಬಾ ಹೊತ್ತು ನಾನು ಸುಮ್ಮನೆ ಇದ್ದೆ. ಮುಟ್ಟುವುದನ್ನು ನಿಲ್ಲಿಸಿದ್ದಾರೆ ಎಂದುಕೊಂಡು ಕಣ್ಣು ತೆರೆದೆ. ಎಳೆ ನನ್ನ ತುಟಿಯ ಮೇಲೆಯೇ ಇತ್ತು.

ಪೆನ್ನಿನಿಂದ ಆ ಸತ್ತ ಜಾಗದ ಸುತ್ತ ಗೆರೆ ಎಳೆದು ಫೋಟೋ ತೆಗೆದುಕೊಂಡರು. “ನಸ್ ಕಟ್ ಆಗಿಲ್ಲ, ಧಕ್ಕಾ ಆಗಿದೆ. ನಿಧಾನ ಏಳಬಹುದು. ಇರುವೆ ಹರಿದ ಹಾಗೆ, ಉರಿದ ಹಾಗೆ ಏನಾದ್ರೂ ತಿಳಿದ್ರೆ ಹೇಳಿ. ಮಳೆಗಾಲ ಮುಗಿಯೋವರೆಗೆ ಕಾಯೋಣ.”

“ಅಷ್ಟರಾಗ ಏನೂ ತಿಳೀಲಿಲ್ಲಂದ್ರ?”

ಈ ಸಲ ಅವರು ಕನ್ನಡದ ಶಬ್ದ ಹುಡುಕಲಿಲ್ಲ. ತಲೆ ಅಡ್ಡ ಆಡಿಸಿದರು.

ಗದ್ದದ ಮೇಲೆ ನೀಲಿ ಗೆರೆ ಇಟ್ಟುಕೊಂಡೇ ಮನೆಗೆ ಬಂದೆ.

ಆಮೇಲಿನ ತಿಂಗಳುಗಳನ್ನು ಹೇಗೆ ಬರೆಯಬೇಕೋ ತಿಳಿಯದು. ಗಾಯ ಮಾಯಿತು, ಬಾಯಿ ಮೊದಲಿನಂತೆ ತೆರೆಯಿತು. ನೋಡಿದವರು “ಆರಾಮ ಆದ್ಯಲ್ಲ” ಎನ್ನುತ್ತಿದ್ದರು. ಹೊರಗಿನಿಂದ ಏನೂ ಕಾಣದ ಕಾಯಿಲೆಗೆ ಯಾರ ಹತ್ತಿರವೂ ಮರುಕ ಕೇಳಲು ಆಗುವುದಿಲ್ಲ. ಬಿಸಿ ಚಹಾ ತುಟಿ ಸುಟ್ಟರೂ ಗೊತ್ತಾಗದೆ ಬೊಬ್ಬೆ ಎದ್ದಿತು. ಊಟದಲ್ಲಿ ತುಟಿಯನ್ನೇ ಕಚ್ಚಿಕೊಂಡೆ. ಊಟಕ್ಕೆ ಕುಳಿತಾಗ ಆಯೇಷಾ ಒಮ್ಮೊಮ್ಮೆ ತನ್ನ ಗದ್ದ ಮುಟ್ಟಿಕೊಳ್ಳುತ್ತಿದ್ದಳು. ಅನ್ನದ ಅಗಳು ಅಂಟಿದೆ ಎಂದು ನನಗೆ ಸೂಚನೆ. ನೆಂಟರಿದ್ದರೂ ಯಾರಿಗೂ ತಿಳಿಯದಂತೆ ಮಾಡುತ್ತಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾರ್ಖಾನೆಯಲ್ಲಿ ಸೂಜಿಯನ್ನು ಅಂಗಿಯ ಜೇಬಿಗೆ ಚುಚ್ಚಿಕೊಂಡು ಹೊಲಿಯಲು ಕಲಿಯುತ್ತಿದ್ದೆ. ಕೈ ನಿಧಾನವಾಗಿತ್ತು. ಒಂದು ದಿನ ಈರಣ್ಣ ಕೂಗಿದ, “ಲೇ ಮೈಬೂ! ಬಾಯಿ! ಬಾಯಿ ನೋಡ್ಕೊ!”

ನಾನು ಗಾಬರಿಯಾಗಿ ತಲೆ ಎತ್ತಿದೆ. ಮುಂದಿದ್ದ ಬಿಳಿ ಚರ್ಮದ ಹಿಡಿಕೆಯ ಮೇಲೆ ಕೆಂಪು ಹನಿಗಳು. ಎಲ್ಲಿಂದ ಬಂದವು ಎಂದು ಕೈ ನೋಡಿಕೊಂಡೆ, ಬೆರಳು ನೋಡಿಕೊಂಡೆ. ಈರಣ್ಣ ಎದ್ದು ಬಂದು ನನ್ನ ಮುಖ ಹಿಡಿದು, ಮೆಲ್ಲಗೆ ಸೂಜಿ ಎಳೆದ. ಯೋಚನೆಯಲ್ಲಿ ಹಳೇ ರೂಢಿಯಂತೆ ತುಟಿಗೆ ಇಟ್ಟುಕೊಂಡಿದ್ದೆ. ಅದು ತುಟಿಯ ಒಳಗೆ ಇಳಿದಿತ್ತು. ಸೂಜಿ ಹೊರಗೆ ಬರುವುದನ್ನು ಅವನ ಮುಖದಲ್ಲಿ ನೋಡಿ ತಿಳಿದುಕೊಂಡೆನೇ ಹೊರತು ನನಗೆ ಬೇರೇನೂ ತಿಳಿಯಲಿಲ್ಲ.

ಕಾರ್ಖಾನೆಯ ಮಾಲೀಕ ಸೇಟ್ ಕೆಟ್ಟವರಲ್ಲ. ಬೈಯಲಿಲ್ಲ. “ಮೆಹಬೂಬ್ ಭಾಯ್, ಕುಛ್ ದಿನ್ ಪೇಸ್ಟಿಂಗ್ ಮೇ ಬೈಠೋ” ಎಂದರು. ಪೇಸ್ಟಿಂಗ್ ಎಂದರೆ ಹೊಸದಾಗಿ ಬಂದವರು ಮಾಡುವ ಅಂಟು ಹಚ್ಚುವ ಕೆಲಸ. ಕೆಲವು ದಿನ ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ನನ್ನ ಆಸನದಲ್ಲಿ ಬೇರೆಯವನು ಕುಳಿತ. ಅವನು ತುಟಿಯಲ್ಲಿ ಸೂಜಿ ಹಿಡಿದು ಹೊಲಿಯುವುದನ್ನು ಅಂಟಿನ ಡಬ್ಬಿಯ ಹಿಂದಿನಿಂದ ನೋಡುತ್ತಿದ್ದೆ.

ಮಳೆ ಶುರುವಾಯಿತು. ಆಸ್ಪತ್ರೆಗೆ ಹೋದಾಗಲೆಲ್ಲ ಹತ್ತಿಯ ಎಳೆ, ಪೆನ್ನು, ಫೋಟೋ. ಗೆರೆ ಅಲ್ಲೇ ಇತ್ತು. ಮೇಡಂ ಈಗೀಗ ಹಳೇ ಫೋಟೋ ತೋರಿಸುವುದನ್ನು ಬಿಟ್ಟಿದ್ದರು. ಮನೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಗದ್ದ ಮುಟ್ಟಿಕೊಳ್ಳುತ್ತಿದ್ದೆ. ಮುಮ್ತಾಜ ನೋಡಿಯೂ ನೋಡದಂತೆ ಇರುತ್ತಿದ್ದಳು. ಒಂದು ದಿನ ತಡೆಯಲಾರದೆ, “ದಿನಾ ಕೇಳಿದ್ರ ಅದು ಏನ್ ಹೇಳತದ್ರಿ? ಬಿಟ್ಟಬಿಡ್ರಿ ಅದನ್ನ” ಎಂದಳು. ಮಳೆ ಕಡಿಮೆಯಾದಷ್ಟೂ ನನಗೆ ಹೆದರಿಕೆ ಹೆಚ್ಚಾಯಿತು. ಜನ ಬಿಸಿಲು ಬಂತೆಂದು ಖುಷಿಪಡುತ್ತಿದ್ದರೆ ನಾನು ಇನ್ನೊಂದು ವಾರ ಮಳೆ ಹಿಡಿಯಲಿ ಎಂದು ಬೇಡುತ್ತಿದ್ದೆ.

ಬಿಸಿಲು ಗಟ್ಟಿಯಾದ ಒಂದು ಶುಕ್ರವಾರ ಬೆಳಿಗ್ಗೆ ಗಡ್ಡ ಸರಿಮಾಡಿಸಲು ನಮ್ಮ ಚಾಳಿನ ಕೆಳಗಿನ ಸಲೂನಿಗೆ ಹೋದೆ. ನಾಗಪ್ಪ ಹುಮ್ನಾಬಾದ ಕಡೆಯವನು, ಮಾತಿನ ಭರದಲ್ಲಿ ಕೈ ಓಡಿಸುತ್ತಾನೆ.

“ಥತ್! ಕೊಯ್ತರಿ ಮಾಮಾ. ತಪ್ಪ ತಿಳೀಬ್ಯಾಡ್ರಿ.”

ಕನ್ನಡಿಯಲ್ಲಿ ನೋಡಿದೆ. ತುಟಿಯ ಕೆಳಗೆ, ಎಡಗಡೆ, ರಕ್ತದ ಸಣ್ಣ ಚುಕ್ಕೆ. ಕೊಯ್ದದ್ದು ನನಗೆ ತಿಳಿದಿರಲಿಲ್ಲ. ಅವನು ಫಟಕಡಿ, ಅಂದರೆ ಪಟಿಕದ ತುಂಡು ತೆಗೆದು, ನೀರಿನಲ್ಲಿ ಅದ್ದಿ, ಅದರ ಮೇಲೆ ತಿಕ್ಕಿದ.

ನಾನು ಕುರ್ಚಿಯ ಕೈ ಹಿಡಿದುಕೊಂಡೆ.

“ಯಾಕ್ರಿ ಮಾಮಾ? ಉರೀತದೇನು?”

ಗೆರೆಯ ಅಂಚಿನಲ್ಲಿ ಅಲ್ಲ. ಅದರ ಒಳಗೆ, ಸತ್ತ ಜಾಗದ ನಡುವೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ಏನೋ ಇತ್ತು. ದೂರದಿಂದ ಬಂದಂಥ, ಸಣ್ಣದೊಂದು ಉರಿ.

“ಉರೀತದ” ಎಂದೆ.

“ನೀರ ಹಚ್ಚಲೇನು?”

“ಬ್ಯಾಡ, ಬ್ಯಾಡ. ಅದನ್ನ ಇನ್ನೊಮ್ಮೆ ತಿಕ್ಕು.”

ಅವನು ನನ್ನ ಮುಖವನ್ನೇ ನೋಡಿದ. ತಿಕ್ಕಿದ. ಇನ್ನೊಮ್ಮೆ ತಿಕ್ಕಿಸಿ, ಕುರ್ಚಿಯಿಂದ ಎದ್ದು ಹೊರಗೆ ಹೊರಟೆ. ಅರ್ಧ ಗಡ್ಡ ಉಳಿದಿದೆ ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. ಮುಮ್ತಾಜಳ ಎದುರಿಗೆ ನಿಲ್ಲುವವರೆಗಾದರೂ ಉರಿ ಆರದಿರಲಿ ಎಂದು ಗದ್ದಕ್ಕೆ ಗಾಳಿ ತಾಗದಂತೆ ಕೈ ಮರೆಮಾಡಿಕೊಂಡು ಚಾಳಿನ ಮೆಟ್ಟಿಲು ಹತ್ತಿದೆ.